ಸೋತ ತಂಡದ ಸ್ಕೋರ್ ಬರೆದ ವರ್ಷ

2024ರಲ್ಲಿ ಶಿಕಾಗೊ ವೈಟ್ ಸಾಕ್ಸ್ ತಂಡ ಆಡಿದ್ದು 162 ಪಂದ್ಯ. ಗೆದ್ದಿದ್ದು 41, ಸೋತಿದ್ದು 121. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 1900ರಿಂದ ಈಚೆಗೆ ಯಾವ ತಂಡವೂ ಒಂದೇ ವರ್ಷದಲ್ಲಿ ಇಷ್ಟು ಪಂದ್ಯ ಸೋತಿರಲಿಲ್ಲ. ಅಲ್ಲಿಯವರೆಗಿನ ದಾಖಲೆ 1962ರ ನ್ಯೂಯಾರ್ಕ್ ಮೆಟ್ಸ್ ಹೆಸರಲ್ಲಿತ್ತು, 120 ಸೋಲು. ಮೆಟ್ಸ್ ಆ ವರ್ಷ ತಾನೇ ಹುಟ್ಟಿದ ತಂಡ. ವೈಟ್ ಸಾಕ್ಸ್ ನೂರು ವರ್ಷಕ್ಕೂ ಹಳೆಯದು.

ಆ ವರ್ಷ ಪೂರ್ತಿ ನಾನು ಈ ತಂಡದ ಜೊತೆಗಿದ್ದೆ. ಸಾಧ್ಯವಾದಾಗ ಸ್ಟೇಡಿಯಂನಲ್ಲಿ, ಆಗದಿದ್ದಾಗ ಟಿವಿ ಮುಂದೆ, ಅಡುಗೆ ಮಾಡುವಾಗ ರೇಡಿಯೊದಲ್ಲಿ. ಊರಿನಲ್ಲಿರುವ ಗೆಳೆಯರು "ಅಷ್ಟೊಂದು ಸೋಲೋ ತಂಡಾನ ಯಾಕೆ ನೋಡ್ತೀಯ" ಅಂತ ಕೇಳುತ್ತಲೇ ಇದ್ದರು. ಅವರಿಗೆ ಫೋನಿನಲ್ಲಿ ಹೇಳಲು ಆಗದಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು 121 ಅನ್ನುವುದು ಎಷ್ಟು ದೊಡ್ಡ ಸಂಖ್ಯೆ ಅಂತ ತಿಳಿಯಬೇಕು. ಬೇಸ್‌ಬಾಲ್ ಹೆಚ್ಚುಕಡಿಮೆ ದಿನಾ ನಡೆಯುವ ಆಟ. ಮಾರ್ಚ್ ಕೊನೆಯಲ್ಲಿ ಶುರುವಾದರೆ ಸೆಪ್ಟೆಂಬರ್ ಕೊನೆಯವರೆಗೆ ಬಿಡುವೇ ಇಲ್ಲ. ಐಪಿಎಲ್‌ನಲ್ಲಿ ಒಂದು ತಂಡ ಲೀಗ್ ಹಂತದಲ್ಲಿ 14 ಪಂದ್ಯ ಆಡುತ್ತದೆ. ಇಲ್ಲಿ ಅಷ್ಟನ್ನು ಎರಡು ವಾರದಲ್ಲಿ ಆಡಿ ಮುಗಿಸುತ್ತಾರೆ. ಇಷ್ಟು ಪಂದ್ಯ ಇರುವುದರಿಂದ ಒಳ್ಳೆಯ ತಂಡವೂ ಬೇಕಾದಷ್ಟು ಸಲ ಸೋಲುತ್ತದೆ, ಕೆಟ್ಟ ತಂಡವೂ ಬೇಕಾದಷ್ಟು ಸಲ ಗೆಲ್ಲುತ್ತದೆ. ಬೇಸ್‌ಬಾಲ್‌ನವರು ಹೇಳುವ ಹಳೆಯ ಲೆಕ್ಕ ಒಂದಿದೆ. ಎಂಥ ತಂಡವಾದರೂ 54 ಪಂದ್ಯ ಗೆಲ್ಲುತ್ತದೆ, 54 ಸೋಲುತ್ತದೆ, ಉಳಿದ 54ರಲ್ಲಿ ಏನು ಮಾಡುತ್ತೆ ಅನ್ನುವುದೇ ಮುಖ್ಯ ಅಂತ. ನಮ್ಮ ತಂಡಕ್ಕೆ ಆ ಮೊದಲ 54 ಕೂಡ ಸಿಗಲಿಲ್ಲ.

ನಾನು ಹಾಸನದವನು. ಎಂ.ಎಸ್ ಓದಲು ಬಂದದ್ದು ಶಿಕಾಗೊದ ಇಲಿನಾಯ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಗೆ. ಭಾರತದಿಂದ ಬರುವ ಹುಡುಗ ಹುಡುಗಿಯರು ಅಲ್ಲಿ ತುಂಬಾ ಜನ. ಕ್ಯಾಂಪಸ್ ಇರುವುದು ಊರಿನ ದಕ್ಷಿಣ ಭಾಗದಲ್ಲಿ. 35ನೇ ಬೀದಿಯಲ್ಲಿ ಪಶ್ಚಿಮಕ್ಕೆ ನಡೆದು, ಡ್ಯಾನ್ ರಯಾನ್ ಎಕ್ಸ್‌ಪ್ರೆಸ್‌ವೇ ಮೇಲಿನ ಸೇತುವೆ ದಾಟಿದರೆ ವೈಟ್ ಸಾಕ್ಸ್ ಸ್ಟೇಡಿಯಂ. ತಂಡದವರು ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಥರ ಚೆಂಡನ್ನು ಮೈದಾನದಾಚೆ ಕಳಿಸುವ ಹೊಡೆತ) ಹೊಡೆದರೆ ಸ್ಕೋರ್‌ಬೋರ್ಡ್ ಮೇಲಿನ ಬಣ್ಣದ ಚಕ್ರಗಳು ತಿರುಗಿ ಪಟಾಕಿ ಸಿಡಿಯುತ್ತದೆ. 1960ರಲ್ಲಿ ಆಗಿನ ಮಾಲೀಕ ಬಿಲ್ ವೀಕ್ ಶುರುಮಾಡಿದ ಪದ್ಧತಿ ಅದು, ತಂಡದ ಹಳೆಯ ಸ್ಟೇಡಿಯಂ ಕೊಮಿಸ್ಕಿ ಪಾರ್ಕ್‌ನ ಕಾಲದ್ದು. ಹಾಸ್ಟೆಲ್ ರೂಮಿನಲ್ಲಿ ಅಸೈನ್‌ಮೆಂಟ್ ಮಾಡುತ್ತಾ ಕೂತವರಿಗೆ ಆ ಸದ್ದು ಚೆನ್ನಾಗಿಯೇ ಕೇಳಿಸುತ್ತದೆ. ಹಾಗೆ ಕೇಳಿ ಕೇಳಿ ಹೋಗಿ ನೋಡಿದ್ದು. ಓದು ಮುಗಿದು ಕೆಲಸ ಸಿಕ್ಕ ಮೇಲೂ ಮನೆ ಮಾಡಿದ್ದು ಅದೇ ಕಡೆ.

ಶಿಕಾಗೊದಲ್ಲಿ ಎರಡು ತಂಡ ಇವೆ. ಉತ್ತರಕ್ಕೆ ಕಬ್ಸ್, ದಕ್ಷಿಣಕ್ಕೆ ಸಾಕ್ಸ್. ಹೊರಗಿನಿಂದ ಬಂದ ನೆಂಟರೆಲ್ಲ ನೋಡಲು ಹೋಗುವುದು ಕಬ್ಸ್ ಆಡುವ ರಿಗ್ಲಿ ಫೀಲ್ಡಿಗೆ. ಗೋಡೆಗೆ ಹಬ್ಬಿದ ಬಳ್ಳಿ, ಸುತ್ತ ಹೋಟೆಲುಗಳು. ನಮ್ಮ ಸ್ಟೇಡಿಯಂ ಸುತ್ತ ಇರುವುದು ಪಾರ್ಕಿಂಗ್ ಜಾಗ, ರೈಲು, ಎಕ್ಸ್‌ಪ್ರೆಸ್‌ವೇ. 2005ರಲ್ಲಿ ವೈಟ್ ಸಾಕ್ಸ್ 88 ವರ್ಷದ ನಂತರ ಲೀಗ್‌ನ ಫೈನಲ್ ಆದ ವರ್ಲ್ಡ್ ಸೀರೀಸ್ ಗೆದ್ದಿತು. ಆ ವರ್ಷದ ಪ್ಲೇಆಫ್‌ನಲ್ಲಿ 12 ಪಂದ್ಯ ಆಡಿ 11 ಗೆದ್ದ ತಂಡ ಅದು. 2016ರಲ್ಲಿ ಕಬ್ಸ್ ಗೆದ್ದಾಗ ಪ್ರಪಂಚವೇ ಕುಣಿಯಿತು. 2005ರದ್ದನ್ನು ನೆನಪಿಸಿಕೊಳ್ಳುವವರು ದಕ್ಷಿಣದವರು ಮಾತ್ರ. ಇದು ನನಗೆ ಈಗಲೂ ಬೇಸರದ ವಿಷಯ.

ಇಷ್ಟು ಕೆಟ್ಟ ಸ್ಥಿತಿ ಒಂದೇ ದಿನದಲ್ಲಿ ಬಂದದ್ದಲ್ಲ. 2021ರಲ್ಲಿ ಇದೇ ತಂಡ 93 ಪಂದ್ಯ ಗೆದ್ದು ತನ್ನ ಡಿವಿಷನ್‌ನಲ್ಲಿ, ಅಂದರೆ ಐದು ತಂಡಗಳ ಗುಂಪಿನಲ್ಲಿ, ಮೊದಲ ಸ್ಥಾನ ಪಡೆದಿತ್ತು. ಆ ಆಗಸ್ಟ್‌ನಲ್ಲಿ ಅಯೋವಾದ ಜೋಳದ ಹೊಲದ ನಡುವೆ ಕಟ್ಟಿದ ಮೈದಾನದಲ್ಲಿ ಯಾಂಕೀಸ್ ವಿರುದ್ಧ ಟಿಮ್ ಆಂಡರ್ಸನ್ ಕೊನೆಯ ಇನ್ನಿಂಗ್ಸಿನಲ್ಲಿ (ಇಲ್ಲಿ ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್, ಒಂದೊಂದರಲ್ಲೂ ಪ್ರತಿ ತಂಡಕ್ಕೆ ಮೂರು ಔಟ್) ಹೋಮ್ ರನ್ ಹೊಡೆದು 9-8ರಲ್ಲಿ ಗೆಲ್ಲಿಸಿದ್ದರು. ಚೆಂಡು ಹೋಗಿ ಜೋಳದೊಳಗೆ ಬಿತ್ತು. ಲೂಯಿಸ್ ರಾಬರ್ಟ್, ಎಲೋಯ್ ಹಿಮೆನೆಸ್, ಮೊಂಕಾಡ, ಹೊಸೆ ಅಬ್ರೆಯು ಎಲ್ಲ ಒಟ್ಟಿಗಿದ್ದ ತಂಡ. ಇನ್ನು ನಾಲ್ಕೈದು ವರ್ಷ ನಮ್ಮದೇ ಅಂದುಕೊಂಡಿದ್ದೆವು. 2022ರಲ್ಲಿ 81 ಗೆಲುವು 81 ಸೋಲು. 2023ರಲ್ಲಿ 101 ಸೋಲು. ಆ ಆಗಸ್ಟ್‌ನಲ್ಲಿ ತಂಡ ಕಟ್ಟಿದ್ದ ಕೆನ್ ವಿಲಿಯಮ್ಸ್ ಮತ್ತು ರಿಕ್ ಹಾನ್ ಇಬ್ಬರನ್ನೂ ಮಾಲೀಕ ಜೆರ್ರಿ ರೈನ್ಸ್‌ಡಾರ್ಫ್ ಕೆಲಸದಿಂದ ತೆಗೆದರು. ಹೊಸ ಜನರಲ್ ಮ್ಯಾನೇಜರ್ ಆಗಿ ಕ್ರಿಸ್ ಗೆಟ್ಸ್ ಬಂದರು. 2024ರ ಸೀಸನ್ ಶುರುವಾಗಲು ಎರಡು ವಾರ ಇರುವಾಗ ನಮ್ಮ ಒಳ್ಳೆಯ ಪಿಚರ್ (ಬೌಲರ್ ಥರ ಚೆಂಡು ಎಸೆಯುವವರು) ಡಿಲನ್ ಸೀಸ್ ಅವರನ್ನು ಸ್ಯಾನ್ ಡಿಯಾಗೊ ತಂಡಕ್ಕೆ ಕೊಟ್ಟುಬಿಟ್ಟರು.

ಮೊದಲ ಪಂದ್ಯ ಮಾರ್ಚ್ 28, ಡೆಟ್ರಾಯಿಟ್ ಟೈಗರ್ಸ್ ಎದುರು. ಶಿಕಾಗೊದಲ್ಲಿ ಮಾರ್ಚ್ ಅಂದರೆ ಇನ್ನೂ ಚಳಿಗಾಲವೇ. ಸೀಸ್ ಜಾಗದಲ್ಲಿ ಗ್ಯಾರೆಟ್ ಕ್ರೋಶೆ ಅನ್ನುವ ಎಡಗೈ ಪಿಚರ್ ಬಂದರು. ಅಲ್ಲಿಯವರೆಗೆ ಅವರು ಮೇಜರ್ ಲೀಗ್‌ನಲ್ಲಿ ಪಂದ್ಯದ ಮೊದಲ ಎಸೆತ ಹಾಕಿದವರೇ ಅಲ್ಲ. ಕೊನೆಯ ಇನ್ನಿಂಗ್ಸುಗಳಲ್ಲಿ ಸ್ವಲ್ಪ ಹೊತ್ತು ಬಂದು ಹೋಗುತ್ತಿದ್ದವರು, ನಡುವೆ ಮೊಣಕೈ ಆಪರೇಷನ್ ಆಗಿದ್ದವರು. ಅವತ್ತು ಆರು ಇನ್ನಿಂಗ್ಸ್ ಎಸೆದು ಎಂಟು ಜನರನ್ನು ಸ್ಟ್ರೈಕ್ ಔಟ್ ಮಾಡಿದರು, ಅಂದರೆ ಚೆಂಡು ಹೊಡೆಯಲಾಗದಂತೆ ಎಸೆದೇ ಔಟ್ ಮಾಡಿದರು. ಕೊಟ್ಟಿದ್ದು ಒಂದೇ ರನ್. ನಾವು 1-0ಯಿಂದ ಸೋತೆವು.

ಆಮೇಲೆ ನೆನೆಸಿಕೊಂಡರೆ ಇಡೀ ವರ್ಷದ ಕಥೆ ಆ ಒಂದು ಪಂದ್ಯದಲ್ಲೇ ಇತ್ತು. ಒಬ್ಬ ಅದ್ಭುತವಾಗಿ ಎಸೆಯುತ್ತಾನೆ, ಅವನಿಗೆ ರನ್ ಹೊಡೆದು ಕೊಡುವವರು ಯಾರೂ ಇಲ್ಲ. ವರ್ಷದ ಕೊನೆಗೆ ನಮ್ಮ ಒಟ್ಟು ರನ್ 507, ಇಡೀ ಲೀಗ್‌ನಲ್ಲಿ ಎಲ್ಲರಿಗಿಂತ ಕಡಿಮೆ. ಬಿಟ್ಟುಕೊಟ್ಟದ್ದು 813.

ಏಪ್ರಿಲ್‌ನಲ್ಲಿ ಮೊದಲ 25 ಪಂದ್ಯದಲ್ಲಿ ಗೆದ್ದಿದ್ದು ಮೂರು. ಅದೇ ಹೊತ್ತಿಗೆ ಆರ್‌ಸಿಬಿಯೂ ಮೊದಲ ಎಂಟು ಪಂದ್ಯದಲ್ಲಿ ಏಳು ಸೋತು ಕೂತಿತ್ತು. ಬೆಳಗ್ಗೆ ಒಂಬತ್ತಕ್ಕೆ ಆರ್‌ಸಿಬಿ, ಸಂಜೆ ಸಾಕ್ಸ್. ಅಮ್ಮ ಫೋನ್ ಮಾಡಿದಾಗ "ಅಲ್ಲಿ ಒಂದು, ಇಲ್ಲಿ ಒಂದು, ಎರಡೂ ಹಂಗೇ ಹಿಡ್ಕೊಂಡಿದ್ದೀಯಲ್ಲೋ" ಅಂದರು. ಆದರೆ ಎರಡೂ ಒಂದೇ ಅಲ್ಲ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆರ್‌ಸಿಬಿ ಅಭಿಮಾನಿಗೆ ಸೋಲು ಗೊತ್ತು. 2009, 2011, 2016, ಮೂರು ಫೈನಲ್ ಸೋತವರು ನಾವು. ಆದರೆ ಪ್ರತಿ ವರ್ಷ ಈ ಸಲ ಆಗುತ್ತೆ ಅನ್ನುವ ಆಸೆ ಇರುತ್ತಿತ್ತು, ತಂಡದಲ್ಲಿ ವಿರಾಟ್ ಕೊಹ್ಲಿ ಇದ್ದರು, ಮೈದಾನ ತುಂಬಿರುತ್ತಿತ್ತು. 2024ರಲ್ಲಿ ಆ ಏಳು ಸೋಲಿನ ಮೇಲೂ ಸಾಲಾಗಿ ಆರು ಗೆದ್ದು, ಮೇ 18ರಂದು ಚಿನ್ನಸ್ವಾಮಿಯಲ್ಲಿ ಚೆನ್ನೈಯನ್ನು ಸೋಲಿಸಿ ಪ್ಲೇಆಫ್‌ಗೆ ಹೋದರು. ಅವತ್ತು ನಮ್ಮ ಮನೆಯಲ್ಲಿ ಆದ ಗಲಾಟೆಗೆ ಕೆಳಗಿನ ಮನೆಯವರು ಬಂದು ವಿಚಾರಿಸಿದರು. ಸಾಕ್ಸ್‌ಗೆ ಇಂಥದ್ದು ಯಾವುದೂ ಇರಲಿಲ್ಲ. ಮೇ ತಿಂಗಳಲ್ಲೇ ಎಲ್ಲ ಮುಗಿದಿತ್ತು. ಆಸೆ ಮುಗಿದ ಮೇಲೂ ಇನ್ನೂ ನೂರಕ್ಕೂ ಹೆಚ್ಚು ಪಂದ್ಯ ಬಾಕಿ ಇದ್ದವು. ಆಸೆ ಇಟ್ಟುಕೊಂಡು ನೋಡುವುದು ಒಂದು ಬಗೆ. ಅದು ಇಲ್ಲದೆ ನೋಡುವುದು ಬೇರೆಯೇ ಬಗೆ, ಅದನ್ನು ಕಲಿಯಬೇಕಾಗುತ್ತದೆ.

ನನಗೆ ಕಲಿಸಿದವರು ಪಕ್ಕದ ಸೀಟಿನ ಒಬ್ಬ ಹಿರಿಯರು. ಎಪ್ಪತ್ತು ದಾಟಿದ ಹೆಂಗಸು, ನರ್ಸ್ ಆಗಿ ಕೆಲಸ ಮಾಡಿ ನಿವೃತ್ತರಾದವರು. ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್ ಹಿಂದೆ, ಮೇಲಿನ ಸ್ಟ್ಯಾಂಡಿನಲ್ಲಿ ನಮ್ಮ ಜಾಗ. ಹಳೆಯ ಕೊಮಿಸ್ಕಿ ಪಾರ್ಕ್ ಇದ್ದಾಗ ಅಪ್ಪನ ಜೊತೆ ಬರುತ್ತಿದ್ದರಂತೆ. ಅದನ್ನು 1991ರಲ್ಲಿ ಕೆಡವಿ ಈಗ ಪಾರ್ಕಿಂಗ್ ಮಾಡಿದ್ದಾರೆ. ಹಳೆಯ ಹೋಮ್ ಪ್ಲೇಟ್ ಇದ್ದ ಜಾಗದಲ್ಲಿ ನೆಲಕ್ಕೆ ಒಂದು ಕಲ್ಲು ಹಾಕಿದ್ದಾರೆ. ಕಾರು ನಿಲ್ಲಿಸಿ ಇಳಿದವರು ಅದರ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಅವರು ಪ್ರತಿ ಪಂದ್ಯಕ್ಕೂ ಸ್ಕೋರ್ ಬರೆಯುತ್ತಿದ್ದರು. ಪುಸ್ತಕ, ಪೆನ್ಸಿಲ್, ರಬ್ಬರ್. ಬೇಸ್‌ಬಾಲ್‌ನಲ್ಲಿ ಇದಕ್ಕೊಂದು ಲಿಪಿಯೇ ಇದೆ. ಬ್ಯಾಟರ್ ಓಡಿ ಒಂದೊಂದಾಗಿ ಮುಟ್ಟಿ ಬರಬೇಕಾದ ಜಾಗಗಳೇ ಬೇಸ್. ಮೈದಾನದ ಒಂಬತ್ತು ಜನಕ್ಕೆ ಒಂಬತ್ತು ನಂಬರ್. ಪಿಚರ್ 1, ಕ್ಯಾಚರ್ 2, ಮೊದಲ ಬೇಸ್ 3, ಎರಡನೇ ಬೇಸ್ 4, ಮೂರನೇ ಬೇಸ್ 5, ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ಹೊರಗಿನ ಮೂವರು ಎಡದಿಂದ ಬಲಕ್ಕೆ 7, 8, 9. ಶಾರ್ಟ್‌ಸ್ಟಾಪ್ ಚೆಂಡು ಹಿಡಿದು ಎರಡನೇ ಬೇಸಿಗೆ ಎಸೆದು, ಅಲ್ಲಿಂದ ಮೊದಲ ಬೇಸಿಗೆ ಹೋಗಿ ಇಬ್ಬರು ಔಟಾದರೆ 6-4-3. ಸ್ಟ್ರೈಕ್ ಔಟ್ ಆದರೆ 'ಕೆ' ಅಕ್ಷರ. ಬ್ಯಾಟ್ ಬೀಸದೆ ಸುಮ್ನೆ ನಿಂತು ಔಟಾದರೆ ಅದೇ 'ಕೆ' ಉಲ್ಟಾ. ಒಬ್ಬೊಬ್ಬ ಬ್ಯಾಟರ್‌ಗೆ ಒಂದೊಂದು ಚೌಕ. ಇಡೀ ಪಂದ್ಯ ಎರಡು ಹಾಳೆಯಲ್ಲಿ ಮುಗಿಯುತ್ತದೆ. ಯಾರಾದರೂ ಐವತ್ತು ವರ್ಷದ ನಂತರ ತೆಗೆದು ನೋಡಿದರೂ ಅವತ್ತು ಏನಾಯಿತು ಅಂತ ಒಂದೊಂದಾಗಿ ಓದಬಹುದು.

"ಸೋಲೋ ಪಂದ್ಯಾನೂ ಬರೀತೀರಾ?" ಅಂತ ಕೇಳಿದೆ.

"ಅವರು ಆಡಿದ್ದಾರಲ್ಲಪ್ಪ, ಆಡಿದ ಮೇಲೆ ಬರೀಬೇಕು" ಅಂದರು. ಮುಂದಿನ ಸಲ ಬರುವಾಗ ನನಗೂ ಒಂದು ಪುಸ್ತಕ ತಂದುಕೊಟ್ಟರು.

ಬರೆಯಲು ಶುರುಮಾಡಿದ ಮೇಲೆ ನಾನು ಪಂದ್ಯ ನೋಡುವ ರೀತಿಯೇ ಬದಲಾಯಿತು. ಕೊನೆಯ ಸ್ಕೋರ್ ಏನಾಗುತ್ತೆ ಅನ್ನುವುದು ಹಿಂದೆ ಸರಿಯಿತು. ಈ ಎಸೆತ, ಈ ಚೌಕ, ಅಷ್ಟೇ. ಒಬ್ಬ ಬ್ಯಾಟರ್ ಸೋಲುತ್ತಿರುವ ಪಂದ್ಯದಲ್ಲೂ ಒಂಬತ್ತು ಹತ್ತು ಎಸೆತ ತಡೆದು ನಿಂತು, ಕೊನೆಗೆ ನಾಲ್ಕು ಕೆಟ್ಟ ಎಸೆತ ಬಿಟ್ಟು ಮೊದಲ ಬೇಸಿಗೆ ನಡೆದುಕೊಂಡು ಹೋದರೆ, ಅದು ಸ್ಕೋರ್‌ಬೋರ್ಡಿನಲ್ಲಿ ಕಾಣುವುದೇ ಇಲ್ಲ. ಹಾಳೆಯಲ್ಲಿ ಕಾಣುತ್ತದೆ. ಎಂಟು ರನ್ ಹಿಂದೆ ಇರುವಾಗಲೂ ಮೂರನೇ ಬೇಸಿನವನು ನೆಲಕ್ಕೆ ಬಿದ್ದು ಚೆಂಡು ಹಿಡಿದು ಮಂಡಿಯಲ್ಲೇ ನಿಂತು ಎಸೆದರೆ 5-3 ಅಂತ ಬರೆಯುತ್ತೀರಿ. ಪಕ್ಕದಲ್ಲಿ ಒಂದು ನಕ್ಷತ್ರ ಹಾಕುತ್ತೀರಿ. ಗೆಲ್ಲುವ ತಂಡದ ಅಭಿಮಾನಿಗೆ ಈ ಪುರಸೊತ್ತು ಇರುವುದಿಲ್ಲ. ಅವನಿಗೆ ಗೆಲುವು ಬೇಕು.

ಇನ್ನೊಂದು ಗೊತ್ತಾಯಿತು. ಸೋಲು ಎಲ್ಲ ಒಂದೇ ಥರ ಇರುವುದಿಲ್ಲ. ಆಡಲು ಬಾರದೆ ಸೋಲುವುದು ಬೇರೆ, ಚೆನ್ನಾಗಿ ಆಡಿ ಸೋಲುವುದು ಬೇರೆ. ಮನಸ್ಸಿಲ್ಲದೆ ಸೋತದ್ದು ದೂರದಿಂದಲೇ ಗೊತ್ತಾಗುತ್ತದೆ. ಕೆಲವು ಸಲ ನಿಯಮವೇ ಸೋಲಿಸುತ್ತದೆ.

ಮೇ 23ರದ್ದು ಆ ಕೊನೆಯ ಬಗೆ. ಬಾಲ್ಟಿಮೋರ್ ಓರಿಯೋಲ್ಸ್ ಎದುರು ನಮ್ಮದೇ ಮೈದಾನ. ಒಂಬತ್ತನೇ ಇನ್ನಿಂಗ್ಸಿನಲ್ಲಿ ನಮಗೆ ರನ್ ಬರುತ್ತಾ ಬರುತ್ತಾ 8-6 ಆಗಿತ್ತು, ಎರಡೇ ರನ್ ಹಿಂದಿದ್ದೆವು. ಇಬ್ಬರು ಬೇಸ್ ಮೇಲೆ, ಒಬ್ಬರು ಮಾತ್ರ ಔಟ್. ಇದ್ದ ಕೆಲವೇ ಜನ ಎದ್ದು ನಿಂತಿದ್ದರು. ಆಂಡ್ರೂ ಬೆನಿಂಟೆಂಡಿ ಹೊಡೆದ ಚೆಂಡು ಶಾರ್ಟ್‌ಸ್ಟಾಪ್ ತಲೆಮೇಲೆ ನೇರ ಮೇಲಕ್ಕೆ ಹೋಯಿತು. ಇಂಥ ಸುಲಭದ ಚೆಂಡಿಗೆ ಅಂಪೈರ್ ಮೊದಲೇ ಬ್ಯಾಟರ್ ಔಟ್ ಅಂತ ಕೂಗಿಬಿಡುತ್ತಾರೆ, ಬೇಕಂತಲೇ ಬಿಟ್ಟು ಮೋಸ ಮಾಡಬಾರದು ಅಂತ ಆ ನಿಯಮ. ಅದು ಎರಡನೇ ಔಟ್. ಅಷ್ಟರಲ್ಲಿ ಎರಡನೇ ಬೇಸಿಗೆ ಹಿಂತಿರುಗುತ್ತಿದ್ದ ನಮ್ಮ ಆಂಡ್ರೂ ವಾನ್ ಶಾರ್ಟ್‌ಸ್ಟಾಪ್ ದಾರಿಗೆ ಅಡ್ಡ ಬಂದರು ಅಂತ ಅವರನ್ನೂ ಔಟ್ ಕೊಟ್ಟರು. ಮೂರನೇ ಔಟ್. ಪಂದ್ಯ ಮುಗಿಯಿತು. ಚೆಂಡು ಕೆಳಗೆ ಬಂದಾಗ ಶಾರ್ಟ್‌ಸ್ಟಾಪ್ ಆರಾಮಾಗಿ ಹಿಡಿದಿದ್ದರು. ಯಾರೂ ಅವರನ್ನು ತಡೆದಿರಲಿಲ್ಲ. ನಮಗೆ ಏನಾಯಿತು ಅಂತ ಅರ್ಥವಾಗುವುದರೊಳಗೆ ಅಂಪೈರ್‌ಗಳು ಹೊರಟಿದ್ದರು. ಇದನ್ನು ಹಾಳೆಯಲ್ಲಿ ಹೇಗೆ ಬರೆಯುವುದು ಅಂತ ಪಕ್ಕದವರನ್ನು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ, ಚೌಕದಲ್ಲಿ ಜಾಗ ಸಾಲದೆ ಅಂಚಿನಲ್ಲಿ ಪೂರ್ತಿ ವಾಕ್ಯಗಳಲ್ಲೇ ಬರೆದರು.

ಅದರ ಹಿಂದಿನ ದಿನವೇ ಆರ್‌ಸಿಬಿ ಎಲಿಮಿನೇಟರ್‌ನಲ್ಲಿ ರಾಜಸ್ಥಾನಕ್ಕೆ ಸೋತಿತ್ತು. ಸಾಕ್ಸ್ ಸಾಲಾಗಿ 14 ಸೋತದ್ದು ಶುರುವಾಗಿದ್ದೂ ಅದೇ ಮೇ 22ಕ್ಕೆ. ಜೂನ್ 7ರಂದು ಬಾಸ್ಟನ್ ರೆಡ್ ಸಾಕ್ಸ್ ವಿರುದ್ಧ ಗೆದ್ದಾಗ ಅದು ನಿಂತಿತು.

ಇದಕ್ಕಿಂತ ಕೆಟ್ಟದ್ದು ಇನ್ನು ಬರಲಾರದು ಅಂತ ಎಲ್ಲರೂ ಅಂದರು. ಜುಲೈ 10ರಿಂದ ಶುರುವಾಗಿ ಆಗಸ್ಟ್ 5ರವರೆಗೆ ಸಾಲಾಗಿ 21 ಸೋಲು. ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ನಮ್ಮದಾದ ಅಮೆರಿಕನ್ ಲೀಗ್‌ನಲ್ಲಿ ಸಾಲಾಗಿ ಅಷ್ಟು ಸೋತಿದ್ದವರು 1988ರ ಬಾಲ್ಟಿಮೋರ್ ಒಂದೇ. ಈ ತಿಂಗಳು ನಿಜಕ್ಕೂ ಕಷ್ಟವಾಯಿತು. ನಡುವೆ ಜುಲೈ 25ರಂದು, ನಾವು ಕೊಟ್ಟುಬಿಟ್ಟ ಡಿಲನ್ ಸೀಸ್ ವಾಷಿಂಗ್ಟನ್ ತಂಡಕ್ಕೆ ಒಂದೂ ಹಿಟ್ ಕೊಡದೆ ಇಡೀ ಪಂದ್ಯ ಎಸೆದರು. ಟಿವಿಯಲ್ಲಿ ಅದನ್ನು ನೋಡುವಾಗ ಖುಷಿಯೂ ಆಯಿತು, ಹೊಟ್ಟೆಯಲ್ಲಿ ಸಂಕಟವೂ ಆಯಿತು. ತಿಂಗಳ ಕೊನೆಗೆ ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ ಗಡುವು. ಎರಿಕ್ ಫೆಡ್ಡಿ, ಟಾಮಿ ಫಾಮ್, ಮೈಕಲ್ ಕೋಪೆಕ್, ಎಲೋಯ್ ಹಿಮೆನೆಸ್ ಎಲ್ಲರೂ ಹೊರಟರು. ಹಿಮೆನೆಸ್ ಹೋದದ್ದು ನನಗೆ ತುಂಬಾ ಬೇಜಾರಾಯಿತು. ಟಿವಿ ಕ್ಯಾಮೆರಾ ಕಂಡರೆ "ಹಾಯ್ ಮಾಮ್" ಅಂತ ಅಮ್ಮನಿಗೆ ಕೈ ಬೀಸುತ್ತಿದ್ದ ಹುಡುಗ.

ಅಮ್ಮ ದಿನಾ ಫೋನ್ ಮಾಡುತ್ತಿದ್ದರು. ಇಲ್ಲಿ ರಾತ್ರಿ ಪಂದ್ಯ ಮುಗಿಯುವ ಹೊತ್ತಿಗೆ ಹಾಸನದಲ್ಲಿ ಬೆಳಗಿನ ತಿಂಡಿ ಹೊತ್ತು.

"ಇವತ್ತೂ ಸೋತ್ರಾ?"

"ಹ್ಞೂಂ ಅಮ್ಮ."

"ಆ ಎಡಚ ಹುಡುಗ ಆಡಿದ್ನಾ?"

"ಆಡ್ದ. ನಾಲ್ಕು ಇನ್ನಿಂಗ್ಸ್. ಚೆನ್ನಾಗಿ ಹಾಕ್ದ."

"ಅಷ್ಟು ಸಾಕು ಬಿಡು. ಊಟ ಮಾಡಿದ್ಯಾ?"

ಕ್ರೋಶೆ ಅಮ್ಮನಿಗೂ ಪರಿಚಯ ಆಗಿದ್ದರು. ಅವರ ತೋಳಿಗೆ ಜಾಸ್ತಿ ಕೆಲಸ ಬೀಳಬಾರದು ಅಂತ ಜುಲೈನಿಂದ ತಂಡ ಅವರಿಗೆ ನಾಲ್ಕು ಇನ್ನಿಂಗ್ಸಿಗಿಂತ ಹೆಚ್ಚು ಕೊಡುತ್ತಿರಲಿಲ್ಲ. ಹಾಗಾಗಿ ಅವರ ದಿನ ನಾವೆಲ್ಲ ಬೇಗ ಹೋಗಿ ಕೂರುತ್ತಿದ್ದೆವು. ಮೇಲಿನ ಸ್ಟ್ಯಾಂಡು ಎಷ್ಟು ಖಾಲಿ ಇರುತ್ತಿತ್ತೆಂದರೆ ಅವರ ಎಸೆತ ಕ್ಯಾಚರ್ ಗ್ಲೌಸಿಗೆ ಬೀಳುವ ಸದ್ದು ಅಲ್ಲಿಗೂ ಕೇಳಿಸುತ್ತಿತ್ತು. ಆಗಸ್ಟ್ ಕೊನೆಯಲ್ಲಿ ಟೆಕ್ಸಾಸ್ ರೇಂಜರ್ಸ್ ಎದುರು ಬಂದ ಮೊದಲ ಏಳು ಬ್ಯಾಟರ್‌ಗಳನ್ನೂ ಸಾಲಾಗಿ ಸ್ಟ್ರೈಕ್ ಔಟ್ ಮಾಡಿದರು. ಹಾಳೆಯಲ್ಲಿ ಒಂದರ ಪಕ್ಕ ಒಂದು ಏಳು 'ಕೆ'. ಅವತ್ತೂ ಸೋತೆವು. ಆ ವರ್ಷ ಅವರು 146 ಇನ್ನಿಂಗ್ಸಿನಲ್ಲಿ 209 ಜನರನ್ನು ಸ್ಟ್ರೈಕ್ ಔಟ್ ಮಾಡಿದರು. ಅವರ ಹೆಸರಿಗೆ ಗೆಲುವು ಆರು, ಸೋಲು ಹನ್ನೆರಡು. ಒಬ್ಬ ಮನುಷ್ಯನ ಕೆಲಸಕ್ಕೂ ಅವನ ಫಲಿತಾಂಶಕ್ಕೂ ಇಷ್ಟು ದೂರ ಇರುವುದನ್ನು ನಾನು ಬೇರೆ ಎಲ್ಲೂ ನೋಡಿಲ್ಲ.

ಆಗಸ್ಟ್ 6ರ ಪಂದ್ಯ ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ. ಅಲ್ಲಿನ ಸಂಜೆ ನಮಗೆ ರಾತ್ರಿ. ಹನ್ನೊಂದು ದಾಟಿದ ಮೇಲೆ ಕೊನೆಯ ಔಟ್ ಆಯಿತು. 5-1, ಗೆದ್ದೆವು. ಲೆನ್ ಕ್ಯಾಸ್ಪರ್ ರೇಡಿಯೊದಲ್ಲಿ ಹೇಳುತ್ತಿದ್ದರೆ ನಾನು ಅಡುಗೆಮನೆಯಲ್ಲಿ ನಿಂತು ಕಣ್ಣೀರು ಹಾಕಿದೆ. ವರ್ಲ್ಡ್ ಸೀರೀಸ್ ಏನಲ್ಲ ಅದು. ಕೊನೆಯ ಸ್ಥಾನದ ತಂಡವೊಂದು ಆಗಸ್ಟ್‌ನಲ್ಲಿ ಗೆದ್ದ ಒಂದು ಮಂಗಳವಾರದ ಪಂದ್ಯ. ಆದರೂ ಬಂತು. ಅದಾಗಿ ಎರಡೇ ದಿನಕ್ಕೆ ಮ್ಯಾನೇಜರ್ (ಕ್ರಿಕೆಟ್‌ನ ಕೋಚ್ ಥರ ತಂಡವನ್ನು ಆಡಿಸುವವರು) ಪೆಡ್ರೊ ಗ್ರಿಫೋಲ್ ಅವರನ್ನು ತೆಗೆದರು. ಆಗ 28 ಗೆಲುವು, 89 ಸೋಲು. ಹಂಗಾಮಿಯಾಗಿ ಗ್ರೇಡಿ ಸೈಜ್‌ಮೋರ್ ಬಂದರು. ಸೋಲು ಮುಂದುವರಿಯಿತು.

ಮ್ಯಾನೇಜರ್ ಒಬ್ಬರಿಂದಲೇ ಹೀಗಾಯಿತು ಅಂತ ನಾನು ಒಪ್ಪುವುದಿಲ್ಲ. ಈ ತಂಡದ ಕೆಳಗಿನ ಹಂತದಿಂದ ಹೊಸ ಆಟಗಾರರು ಬೆಳೆದು ಬರುವುದು ಯಾವಾಗಲೋ ನಿಂತಿತ್ತು. ಮೇಲಿದ್ದವರು ಗಾಯಗೊಂಡಾಗ ಆ ಜಾಗ ತುಂಬಲು ಯಾರೂ ಇರಲಿಲ್ಲ. ಮಾಲೀಕರು 1981ರಿಂದ ಒಬ್ಬರೇ. ಸ್ಟ್ಯಾಂಡಿನಲ್ಲಿ "ತಂಡ ಮಾರಿ" ಅನ್ನುವ ಕೂಗು ಆ ವರ್ಷ ನಿಂತೇ ಇಲ್ಲ. ನಾನೂ ಕೂಗಿದ್ದೇನೆ. ಅದೇ ವರ್ಷ ಊರಿನ ನಡುವೆ ಹೊಸ ಸ್ಟೇಡಿಯಂ ಕಟ್ಟಲು ಸರ್ಕಾರದ ದುಡ್ಡು ಬೇಕು ಅನ್ನುವ ಮಾತೂ ನಡೆದಿತ್ತು. ಸ್ಟೇಡಿಯಂ ಪಕ್ಕದ ಬಡಾವಣೆ ಬ್ರಿಡ್ಜ್‌ಪೋರ್ಟ್‌ನ ಬೀದಿಗಳಲ್ಲಿ ಬೆಳೆದವರಿಗೆ 121 ಸೋಲಿಗಿಂತ ಈ ಮಾತು ಜಾಸ್ತಿ ನೋವು ಕೊಟ್ಟಿತು. ಸೋಲುವ ತಂಡವಾದರೂ ಇಲ್ಲೇ ಇರಲಿ ಅನ್ನುವುದು ಅವರ ಆಸೆ.

ಸೆಪ್ಟೆಂಬರ್ 22ರಂದು ಸ್ಯಾನ್ ಡಿಯಾಗೊದಲ್ಲಿ 120ನೇ ಸೋಲು. ಮೆಟ್ಸ್ ದಾಖಲೆಗೆ ಸಮ. 24ರಿಂದ ನಮ್ಮ ಮೈದಾನದಲ್ಲಿ ಲಾಸ್ ಏಂಜಲೀಸ್ ಏಂಜಲ್ಸ್ ಎದುರು ಮೂರು ಪಂದ್ಯ, ಆ ವರ್ಷದ ಕೊನೆಯ ಹೋಮ್ ಪಂದ್ಯಗಳು. ಆ ಮಂಗಳವಾರ ರೆಡ್ ಲೈನ್ ರೈಲಿನಲ್ಲಿ ತುಂಬಾ ದಿನದ ಮೇಲೆ ನಿಲ್ಲಲು ಜಾಗ ಇರಲಿಲ್ಲ. ದಾಖಲೆ ಮುರಿಯುವುದನ್ನು ನೋಡಲು ಜನ ಬಂದಿದ್ದರು. ನಮ್ಮ ಸಾಲಿನಲ್ಲಿ ಇಡೀ ವರ್ಷ ಮುಖ ನೋಡದ ಜನ. ಅವರು ಸೋಲಿಗಾಗಿ ಕಾಯುತ್ತಿದ್ದರು. ಏಂಜಲ್ಸ್ 2-0 ಮುಂದಿದ್ದರು. ಎಂಟನೇ ಇನ್ನಿಂಗ್ಸಿನಲ್ಲಿ ನಮ್ಮವರು ಮೂರು ರನ್ ತೆಗೆದರು, ಬೆನಿಂಟೆಂಡಿ ಹೊಡೆತದಿಂದ ಮುಂದೆ ಹೋದೆವು. ಕೆಲವರು ಕೇಕೆ ಹಾಕಿದರು, ಕೆಲವರಿಗೆ ನಿರಾಸೆ. ಪಕ್ಕದವರು ಪೆನ್ಸಿಲ್ ಕೆಳಗಿಟ್ಟು ಎದ್ದು ನಿಂತು ಚಪ್ಪಾಳೆ ತಟ್ಟಿದರು. 3-2. ಇತಿಹಾಸ ನೋಡಲು ಬಂದವರು ಇನ್ನೊಂದು ದಿನ ಕಾಯಲಿ ಅಂತ ಆಮೇಲೆ ಬೆನಿಂಟೆಂಡಿ ಹೇಳಿದ್ದು ಓದಿದೆ. ಮರುದಿನ ಹತ್ತು ಇನ್ನಿಂಗ್ಸ್, 4-3, ಕೊನೆಯ ಹೊಡೆತ ಮತ್ತೆ ಅವರದೇ. ಗುರುವಾರ 7-0. ಇಡೀ ವರ್ಷ ಬೈಸಿಕೊಂಡ ಹುಡುಗರು ಆ ದಾಖಲೆಯನ್ನು ತಮ್ಮ ಮನೆಯಲ್ಲಿ ಆಗಲು ಬಿಡಲಿಲ್ಲ. ಆ ಮೂರು ದಿನ ನೋಡದಿದ್ದವರಿಗೆ ಈ ತಂಡ ಗೊತ್ತಿಲ್ಲ ಅಂತಲೇ ನಾನು ಹೇಳುತ್ತೇನೆ.

121ನೆಯದು ಶುಕ್ರವಾರ ಡೆಟ್ರಾಯಿಟ್‌ನಲ್ಲಿ ಆಯಿತು, 4-1. ಆ ಗೆಲುವಿನಿಂದ ಟೈಗರ್ಸ್ 2014ರ ನಂತರ ಮೊದಲ ಸಲ ಪ್ಲೇಆಫ್‌ಗೆ ಹೋದರು. ಅವರ ಊರಿಗೆಲ್ಲ ಹಬ್ಬ. ನಮ್ಮವರು ಅದರ ಮಧ್ಯೆ ಮೈದಾನ ಬಿಟ್ಟು ಒಳಗೆ ಹೋದರು. ಉಳಿದದ್ದು ಎರಡು ಪಂದ್ಯ, ನಮಗೆ ಏನೂ ಲೆಕ್ಕವಿಲ್ಲದ ಪಂದ್ಯ. ಎರಡನ್ನೂ ಗೆದ್ದರು. ಕೊನೆಯ ಆರು ಪಂದ್ಯದಲ್ಲಿ ಐದು ಗೆಲುವು.

ಇಷ್ಟು ಸೋತವರಿಗೆ ಮುಂದಿನ ವರ್ಷ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ ಮೊದಲ ಸರದಿ ಸಿಗಬೇಕಿತ್ತು ಅಲ್ವಾ? ಸಿಗಲಿಲ್ಲ. ಬೇಕಂತಲೇ ಸೋಲುವುದನ್ನು ತಡೆಯಲು ಲೀಗ್ ಈಗ ಲಾಟರಿ ಇಟ್ಟಿದೆ. ದೊಡ್ಡ ಊರಿನ ತಂಡಕ್ಕೆ ಎರಡು ವರ್ಷ ಸಾಲಾಗಿ ಆ ಲಾಟರಿಯಲ್ಲಿ ಜಾಗವಿಲ್ಲ. 2024ರಲ್ಲಿ ನಾವು ಐದನೆಯವರಾಗಿ ಆರಿಸಿದ್ದೆವು. ಹಾಗಾಗಿ 2025ರಲ್ಲಿ ಹತ್ತನೇ ಸರದಿ. ನಿಯಮದ ಉದ್ದೇಶ ಸರಿಯಾದದ್ದೇ. ಆದರೆ ನಿಜವಾಗಿಯೂ ಆಟಗಾರರಿಲ್ಲದೆ ಸೋತ ತಂಡಕ್ಕೂ, ಲೆಕ್ಕ ಹಾಕಿ ಸೋತ ತಂಡಕ್ಕೂ ಅದು ವ್ಯತ್ಯಾಸ ಮಾಡುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಕ್ರೋಶೆಯನ್ನೂ ಬಾಸ್ಟನ್‌ಗೆ ಕೊಟ್ಟರು. ಅಮ್ಮನಿಗೆ ಹೇಳಿದಾಗ "ಒಳ್ಳೇದಾಯ್ತು ಬಿಡು, ಅಲ್ಲಾದ್ರೂ ಗೆಲ್ಲಲಿ ಆ ಹುಡುಗ" ಅಂದರು.

2025ರಲ್ಲಿ 60 ಗೆಲುವು, 102 ಸೋಲು. ಹಿಂದಿನ ವರ್ಷಕ್ಕಿಂತ 19 ಗೆಲುವು ಹೆಚ್ಚು. ಆ ಮೇ ತಿಂಗಳಲ್ಲಿ ಹೊಸ ಪೋಪ್ ಲಿಯೊ ಶಿಕಾಗೊದವರು, ವೈಟ್ ಸಾಕ್ಸ್ ಅಭಿಮಾನಿ ಅಂತ ಸುದ್ದಿ ಬಂದಾಗ ಮೊದಲು ಯಾರೋ ಕಬ್ಸ್ ಅಂತ ತಪ್ಪಾಗಿ ಹೇಳಿದ್ದರು. ಅವರ ಅಣ್ಣ ತಿದ್ದಿದರು. 2005ರ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯ ನೋಡಲು ಅವರು ಬಂದಿದ್ದು ಟಿವಿ ರೆಕಾರ್ಡಿಂಗಿನಲ್ಲಿ ಸಿಕ್ಕಿತು. ಜುಲೈನಲ್ಲಿ ಕೋಲ್ಸನ್ ಮಾಂಟ್‌ಗೊಮರಿ ಅನ್ನುವ ಹೊಸ ಶಾರ್ಟ್‌ಸ್ಟಾಪ್ ಬಂದು 71 ಪಂದ್ಯದಲ್ಲಿ 21 ಹೋಮ್ ರನ್ ಹೊಡೆದರು. ನಮ್ಮ ತಂಡದವರೇ ಬೆಳೆಸಿದ ಹುಡುಗ.

ಈಗ ನಮ್ಮ ಸಾಲಿಗೆ ಕ್ಯಾಂಪಸ್ಸಿನಿಂದ ಇಬ್ಬರು ಕನ್ನಡದ ಹುಡುಗರೂ ಬರುತ್ತಾರೆ, ಒಬ್ಬ ಮಂಡ್ಯದವನು, ಇನ್ನೊಬ್ಬ ಧಾರವಾಡದವನು. ಗೆಲ್ತಾರಾ ಅಂತ ಕೇಳುವುದನ್ನು ಇಬ್ಬರೂ ಇನ್ನೂ ಬಿಟ್ಟಿಲ್ಲ. ಮಂಡ್ಯದವನಿಗೆ 6-4-3 ಬರೆಯಲು ಬಂದಿದೆ. ಉಲ್ಟಾ 'ಕೆ' ಯಾವಾಗ ಹಾಕಬೇಕು ಅಂತ ಇಬ್ಬರಿಗೂ ಇನ್ನೂ ಜಗಳ.